ಹೆರಿಗೆ ಪಾಠದ ದಿನ ನಾನು ಗೈರುಹಾಜರಾಗಿದ್ದೆ

ಮಾನ್ಯ ನಿರ್ದೇಶಕರೇ,

ಹೋದ ಗುರುವಾರ ತಮ್ಮ ಕಚೇರಿಯಿಂದ ನನಗೆ ಎರಡು ಪತ್ರ ಬಂದವು. ಮೂರು ತರಗತಿಗಳಿಗೆ ಗೈರಾದ ಕಾರಣ ಪ್ಯಾರಾಮೆಡಿಕ್ ತರಬೇತಿಯಿಂದ ನನ್ನ ಹೆಸರನ್ನು ಸೋಮವಾರ ತೆಗೆದುಹಾಕಲಾಗುವುದು ಎನ್ನುತ್ತದೆ ಮೊದಲ ಮಹಡಿಯ ತರಬೇತಿ ವಿಭಾಗದ ಪತ್ರ. ತರಬೇತಿ ಮುಗಿಸದ ಆಂಬುಲೆನ್ಸ್ ಚಾಲಕಿ ರೋಗಿಯನ್ನು ಮುಟ್ಟಿದ್ದೇಕೆ ಎಂದು ಕಾರಣ ಕೇಳುತ್ತದೆ ನೆಲಮಹಡಿಯ ಸೇವಾ ವಿಭಾಗದ ಪತ್ರ. ಮೂರನೆಯ ಗೈರೂ ಆ ಮುಟ್ಟಿದ್ದೂ ಒಂದೇ ಮಧ್ಯಾಹ್ನದ ಸಂಗತಿ. ಎರಡು ಪತ್ರಗಳ ಕೆಳಗೂ ತಮ್ಮದೇ ಸಹಿ. ಸಹಿ ಹಾಕುವ ಮುಂಚೆ ಒಂದನ್ನಾದರೂ ಓದಿದಿರಾ ಎಂದು ಕೇಳುವಷ್ಟು ದೊಡ್ಡವಳು ನಾನಲ್ಲ. ಆದರೂ ಕೇಳುತ್ತಿದ್ದೇನೆ.

ಮುಂದಿನ ತಿಂಗಳು ನನಗೆ ನಲವತ್ತು ತುಂಬುತ್ತದೆ. ನಲವತ್ತಾದವರಿಗೆ ತರಬೇತಿಗೆ ಪ್ರವೇಶವಿಲ್ಲ ಎಂಬ ನಿಯಮವೂ ತಮ್ಮದೇ. ಸೋಮವಾರ ಹೆಸರು ಹೋದರೆ ಹೋಯಿತು, ಈ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ.

ಒಂಬತ್ತು ವರ್ಷ ಗಾಡಿ ಓಡಿಸಿದವಳಿಗೆ ಈ ವಯಸ್ಸಿನಲ್ಲಿ ಓದುವ ಹುಚ್ಚೇಕೆ ಎಂದು ತಮಗನ್ನಿಸಬಹುದು. ಹೇಳುತ್ತೇನೆ. ಹೋದ ವರ್ಷ ಬಾಣಂತಿಯೊಬ್ಬರನ್ನು ಕರೆತರುವಾಗ ರೈಲ್ವೆ ಗೇಟು ಹಾಕಿತ್ತು. ನಾವೆಲ್ಲ ಹಿರಿಯಣ್ಣ ಎಂದು ಕರೆಯುವ ನಮ್ಮ ಪ್ಯಾರಾಮೆಡಿಕ್ ಉಸಿರಾಡದ ಕೂಸಿನ ಜೊತೆ ಒದ್ದಾಡುತ್ತಿದ್ದರು. ತಾಯಿಗೆ ರಕ್ತ ಹೋಗುತ್ತಲೇ ಇತ್ತು. ನಾನು ಇಳಿದು ಹಿಂದಿನ ಬಾಗಿಲು ತೆಗೆದು ಸುಮ್ಮನೆ ನಿಂತೆ. ಎಲ್ಲಿ ಕೈಯಿಡಬೇಕೆಂದು ಗೊತ್ತಿರಲಿಲ್ಲ. ಆಕೆಯ ಗಂಡ ನನ್ನ ಮುಖ ನೋಡಿ, "ನಿಮಗೇನೂ ಬರಲ್ವಾ ಅಕ್ಕಾ?" ಎಂದರು. ಬೈಗುಳವಲ್ಲ ಸ್ವಾಮಿ, ನಿಜವಾಗಿಯೂ ಕೇಳಿದ್ದರು. ಕೂಸು ಉಳಿಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದರು.

ಮರುವಾರವೇ ಅರ್ಜಿ ಹಾಕಿದೆ. ಮೂಳೆಗಳ ಹೆಸರನ್ನು ನನ್ನಿಂದ ಬಾಯಿಪಾಠ ಮಾಡಿಸುವುದು ಒಂಬತ್ತನೇ ತರಗತಿಯ ಮಗಳು. "ಅಮ್ಮಾ, ಫೇಲಾದ್ರೆ ಮಾರ್ಕ್ಸ್ ಕಾರ್ಡಿಗೆ ನಾನೇ ಸೈನ್ ಹಾಕ್ಬೇಕಾ?" ಎಂದು ನಗುತ್ತಾಳೆ. ನನ್ನ ಪಾಳಿ ಮುಗಿಯುವುದು ಒಂದು ಗಂಟೆಗೆ, ತರಗತಿ ಎರಡಕ್ಕೆ. ಬದಲಿ ಚಾಲಕ ಬಂದು ಕೀಲಿ ಇಸಿದುಕೊಳ್ಳುವವರೆಗೆ ಗಾಡಿ ಬಿಟ್ಟು ಕದಲಬಾರದು ಎಂಬುದು ನೆಲಮಹಡಿಯ ನಿಯಮ. ಎರಡು ಗಂಟೆ ಐದು ನಿಮಿಷದ ನಂತರ ಬಂದವರು ಗೈರು ಎಂಬುದು ಮೊದಲ ಮಹಡಿಯದು. ನಡುವೆ ಇರುವುದು ಇಪ್ಪತ್ತೆರಡು ಮೆಟ್ಟಿಲು. ಇಷ್ಟು ವರ್ಷದಲ್ಲಿ ಯಾರೂ ಹತ್ತಿಲ್ಲವೇ, ಇಳಿದಿಲ್ಲವೇ?

ಆ ದಿನದ ಪಾಠ ಹೆರಿಗೆ. ಬದಲಿಯವನು ಬಂದಿರಲಿಲ್ಲ, ಒಂದೂ ಹತ್ತಕ್ಕೆ ಕರೆ ಬಂತು. ಲಿಫ್ಟು ಕೆಟ್ಟ ಕಟ್ಟಡ, ಮೂರನೇ ಮಹಡಿ. ಕೆಳಗಿಳಿಸುವಾಗ ಮೆಟ್ಟಿಲ ತಿರುವಿನಲ್ಲೇ ಹೆರಿಗೆಯಾಯಿತು. ಮತ್ತೆ ಅದೇ ಕಥೆ: ಅಳದ ಕೂಸು, ನಿಲ್ಲದ ರಕ್ತ, ಹಿರಿಯಣ್ಣನಿಗೆ ಎರಡೇ ಕೈ.

"ಹೊಟ್ಟೆ ಉಜ್ಜಮ್ಮಾ, ಹೊಕ್ಕುಳದ ಕೆಳಗೆ, ಗಟ್ಟಿಯಾಗಿ! ನಿಲ್ಲಿಸ್ಬೇಡ!" ಎಂದು ಕೂಗಿದರು.

ಉಜ್ಜಿದೆ. ನಿಯಮ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಆದರೂ ಉಜ್ಜಿದೆ. ಅಂಗೈ ಕೆಳಗೆ ಗರ್ಭಕೋಶ ಗಟ್ಟಿಯಾದದ್ದು ತಿಳಿಯಿತು, ರಕ್ತ ಹತೋಟಿಗೆ ಬಂತು. ಕೂಸೂ ಅತ್ತಿತು. ಮೂರೂ ಹತ್ತಕ್ಕೆ ರಕ್ತದ ಕಲೆಯಾದ ಅಂಗಿತೋಳಿನಲ್ಲೇ ತರಗತಿಗೆ ಓಡಿದೆ. "ಹೆರಿಗೆ ಪಾಠ ಮುಗೀತಲ್ಲಮ್ಮ" ಎಂದ ಮೇಡಂ ನನ್ನ ಅಂಗಿ ನೋಡಿ ತಲೆ ತಗ್ಗಿಸಿದರು. ಅಷ್ಟರಲ್ಲಿ ಹಾಜರಿ ಪುಸ್ತಕ ತಮ್ಮ ಮೇಜಿಗೆ ಹೋಗಿತ್ತು.

ನಾನು ಮುಟ್ಟಿದ್ದು ತಮಗೆ ತಿಳಿದದ್ದಾದರೂ ಹೇಗೆ? ಯಾರೂ ದೂರು ಕೊಟ್ಟಿಲ್ಲ. ಪ್ರತಿ ಕರೆಯ ವರದಿ ಬರೆಯುವ ಹಿರಿಯಣ್ಣ, ನನ್ನನ್ನು ಹೊಗಳಲೆಂದೇ ಒಂದು ಸಾಲು ಹೆಚ್ಚಿಗೆ ಸೇರಿಸಿದ್ದರು: "ಚಾಲಕಿ ಹೊಟ್ಟೆ ಉಜ್ಜಿ ರಕ್ತಸ್ರಾವ ನಿಲ್ಲಿಸಿದರು." ಆ ಸಾಲೇ ಈಗ ನನ್ನ ಮೇಲಿನ ಸಾಕ್ಷಿ. "ನಾನು ಬರೀಬಾರ್ದಿತ್ತಮ್ಮಾ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಮೂವತ್ತು ವರ್ಷ ಸೇವೆ ಮಾಡಿದ ಮನುಷ್ಯ ಇನ್ನು ಮುಂದೆ ನಿಜ ಬರೆಯಲು ಹೆದರಬೇಕೇ?

ನನಗೆ ಸನ್ಮಾನ ಬೇಡ. ಆ ವರದಿಯನ್ನೂ ಹಾಜರಿ ಪುಸ್ತಕವನ್ನೂ ಒಂದೇ ಮೇಜಿನ ಮೇಲಿಟ್ಟು ಒಮ್ಮೆ ಓದಿ. ಉಳಿದೆರಡು ಗೈರಿನ ದಿನಗಳಲ್ಲೂ ನಾನು ಕರೆಯ ಮೇಲಿದ್ದೆ, ಅದನ್ನೂ ನೋಡಿ. ಸೋಮವಾರ ನನ್ನ ಹೆಸರನ್ನು ಉಳಿಸಿ. ತರಗತಿಯಿರುವ ದಿನ ಬದಲಿಯವನನ್ನು ಅರ್ಧ ಗಂಟೆ ಮುಂಚೆ ಕಳಿಸಿ. ಕೈಮುಗಿದು ಕೇಳುತ್ತಿದ್ದೇನೆ, ಬೇರೆ ದಾರಿ ನನಗಿಲ್ಲ.

ಆಗದು ಎಂದಾದರೆ ಒಂದು ಉತ್ತರವನ್ನಾದರೂ ಬರೆದು, ಸಹಿ ಹಾಕಿ ಕಳಿಸಿ. ಗಾಡಿಯಲ್ಲಿ ಇಟ್ಟುಕೊಂಡಿರುತ್ತೇನೆ. ಮತ್ತೆ ಯಾರಾದರೂ "ನಿಮಗೇನೂ ಬರಲ್ವಾ ಅಕ್ಕಾ?" ಎಂದು ಕೇಳಿದಾಗ ಅದನ್ನು ಓದಿ ಹೇಳುತ್ತೇನೆ.

ಇಂತಿ,
ಸೋಮವಾರದವರೆಗೆ ತಮ್ಮ ವಿದ್ಯಾರ್ಥಿನಿ,
ಆಮೇಲೆ ಬರೀ ಡ್ರೈವರ್