ಸೌಟುಗಾಲಿನ ಕುಲ

ಮಾರ್ಚ್ 3, ಬೆಳಿಗ್ಗೆ 10
ಹದಿನೇಳನೆಯ ಸೀಸೆಗೆ ಸ್ಪಿರಿಟ್ ತುಂಬಿಸಿದ್ದಾಯಿತು. ಮುಚ್ಚಳದ ರಬ್ಬರು ಬದಲಿಸಬೇಕು. ಒಳಗಿನ ಮಹಾಶಯರು ಆರೋಗ್ಯ — ಸತ್ತು ಇಪ್ಪತ್ತೆರಡು ವರ್ಷವಾದವರ ಆರೋಗ್ಯ ಎಷ್ಟಿರಬೇಕೋ ಅಷ್ಟು. ನಾಲ್ಕು ಸಾವಿರ ಮೀಟರ್ ಆಳದ ಕೆಸರಿನಿಂದ ಬಂದ ಐಸೊಪಾಡುಗಳು. ಎಳ್ಳುಕಾಳಿನಷ್ಟು ಮೈ. ಏಡಿ, ಸೀಗಡಿಗಳ ಬಡ ನೆಂಟರು. ಬಲೆ ಮೇಲೆ ಬರುವಷ್ಟರಲ್ಲಿ ಕಾಲು ಕಳಚಿ ಸೀಸೆಯ ತಳ ಸೇರಿಬಿಡುತ್ತವೆ. ಇಲ್ಲಿರುವ ಮೂವತ್ತೊಂದು ಜನರಲ್ಲಿ ಒಬ್ಬರಿಗೂ ಐದನೆಯ ಕಾಲಿಲ್ಲ.

ಸಂಜೆ 4
ಸಂಗ್ರಹಾಲಯದ ಮುಖ್ಯಸ್ಥೆ ಒಂದು ಪ್ರಬಂಧ ತಂದು ಮೇಜಿನ ಮೇಲಿಟ್ಟರು. ಬರೆದವರು ತಕರಾರಪ್ಪ — ಹೆಸರು ನಾನಿಟ್ಟದ್ದು. ವಾದ ಇಷ್ಟೇ: ನನಗೆ ಕೆಲಸ ಕಲಿಸಿದ ಮೇಷ್ಟ್ರು ಈ ಐಸೊಪಾಡುಗಳಿಗೆಂದು ಸ್ಥಾಪಿಸಿದ ಕುಲ — ಹತ್ತಿರದ ಪ್ರಭೇದಗಳ ಗುಂಪು — ಕುಲವೇ ಅಲ್ಲ. ಅದನ್ನು ಉಳಿದವುಗಳಿಂದ ಬೇರೆ ಮಾಡುವುದು ಐದನೆಯ ಕಾಲೊಂದೇ. ಸೌಟಿನಂತೆ ಅಗಲ, ಅಂಚಿನಲ್ಲೊಂದು ಕಚ್ಚು. ಆ ಕಾಲು ಮೈಗೆ ಅಂಟಿಕೊಂಡಿದ್ದನ್ನು ಕಂಡವರು ಯಾರು? ಸೀಸೆಯ ತಳದ ಯಾರದೋ ಕಾಲನ್ನು ಯಾರಿಗೋ ಜೋಡಿಸಿದ್ದಾರೆ. ಕುಲ ರದ್ದು ಮಾಡಿ, ಪಕ್ಕದ ಕುಲಕ್ಕೆ ಸೇರಿಸಿ.
"ತಿಂಗಳ ಕೊನೆಯೊಳಗೆ ಉತ್ತರ ಕೊಡಿ. ಇಲ್ದಿದ್ರೆ ಇದು ಅಚ್ಚಾಗುತ್ತೆ," ಅಂದರು.
ನಕ್ಕೆ. ಅವರು ಹೋದಮೇಲೆ ಹದಿನೇಳನೆಯ ಸೀಸೆಯನ್ನು ಮತ್ತೆ ಬೆಳಕಿಗೆ ಹಿಡಿದೆ.

ಮಾರ್ಚ್ 4
ಇಲ್ಲಿ ಬರೆದುಬಿಡುತ್ತೇನೆ. ಆ ಕಾಲು ಹೆಕ್ಕಿದವಳು ನಾನು. ಆಗ ಕೆಲಸಕ್ಕೆ ಸೇರಿ ಮೂರು ವಾರ. "ಎಲ್ಲಿತ್ತಮ್ಮಾ ಇದು?" ಅಂತ ಮೇಷ್ಟ್ರು ಕೇಳಿದರು. "ಮೈಗೇ ಇತ್ತು ಸರ್, ಎತ್ತುವಾಗ ಕಳಚ್ತು" ಅಂದೆ. ಇರಲಿಲ್ಲ. ತಳದಲ್ಲಿತ್ತು. ಭೇಷ್ ಅನ್ನಿಸಿಕೊಳ್ಳುವ ಆಸೆ, ಅಷ್ಟೇ. ಅವರು ಚಿತ್ರ ಬರೆದರು, ಕುಲಕ್ಕೆ ಹೆಸರಿಟ್ಟರು. ಈಗ ಎಂಬತ್ತೊಂದು ಅವರಿಗೆ. ಬದುಕಿಡೀ ದುಡಿದು ಸ್ಥಾಪಿಸಿದ್ದು ಆ ಒಂದೇ ಕುಲ...

ಮಾರ್ಚ್ 12
ಎಂಟು ದಿನ ಸೀಸೆಗಳ ತಳ ಜಾಲಾಡಿದೆ. ಸೌಟುಗಾಲು ಇನ್ನೂ ಆರು ಸಿಕ್ಕವು. ತಾನು ಯಾರ ಕಾಲು ಅಂತ ಒಂದೂ ಬಾಯಿ ಬಿಡುತ್ತಿಲ್ಲ.

ಮಾರ್ಚ್ 13
ಅಕ್ಕನ ಹೊಲಿಗೆ ಅಂಗಡಿ. ಒಬ್ಬಾಕೆ ಮಾಸಿದ ಕೋಟು ತಂದು, ಮೊದಲಿದ್ದ ಬಣ್ಣದ್ದೇ ತೇಪೆ ಹಾಕಿ ಅಂದಳು. ಮೊದಲು ಯಾವ ಬಣ್ಣವಿತ್ತು? ಅವಳಿಗೇ ನೆನಪಿಲ್ಲ. ಹೊರಗೆಲ್ಲ ಬೂದು ಬಣ್ಣ. ಅಕ್ಕ ಅಂಚಿನ ಹೊಲಿಗೆ ಬಿಚ್ಚಿ ಮಡಿಕೆ ತೆರೆದಳು. ಒಳಗೆ ನವಿಲುನೀಲಿ, ನಿನ್ನೆ ನೇಯ್ದಂತೆ.
"ಬಿಸ್ಲು ಹೊರಗಡೆ ತಿನ್ನುತ್ತೆ. ಮಡಿಕೆ ಒಳಗೆ ಹ್ಯಾಗೆ ಬರುತ್ತೆ?" ಅಂದಳು ಅಕ್ಕ.
ಚಹಾ ಲೋಟ ಕೆಳಗಿಟ್ಟೆ. ಮಡಿಕೆ! ಈ ಜೀವಿಗಳ ತಾಯಿ ಎದೆಯಡಿಯ ಚೀಲದಲ್ಲಿ ಮರಿ ಹೊರುತ್ತದೆ. ತಾಯಿಯ ಕಾಲು ಬಲೆಯಲ್ಲಿ ಮುರಿದಿರಲಿ — ಚೀಲದೊಳಗಿನ ಮರಿಯ ಕಾಲು ಮುರಿಯುವವರಾರು? ಮರಿಗೆ ಕಾಲುಗಳ ಏಳನೆಯ ಜೋಡಿ ಮಾತ್ರ ಆಮೇಲೆ ಮೂಡುತ್ತದೆ. ಐದನೆಯದು ಇದ್ದೇ ಇರಬೇಕು.
"ಎಲ್ಲಿಗೇ ಓಡ್ತಿದೀಯ? ಚಹಾ?"
"ನೀನೇ ಕುಡಿ ಅಕ್ಕಾ. ಗೆದ್ರೆ ನಿನಗೊಂದು ಬಿರುದು ಕೊಡಿಸ್ತೀನಿ."
"ಬಿರುದು ನೀನೇ ಇಟ್ಕೋ. ಗೆದ್ರೆ ಗುಂಡಿ ಹೊಲಿಯೋಕೆ ಬಾ."

ಮಾರ್ಚ್ 16
ಚೀಲವಿರುವ ತಾಯಂದಿರು ಮೂವರೇ. ಮೊದಲನೆಯದು ಖಾಲಿ. ಎರಡನೆಯದರಲ್ಲಿ ಬರೀ ಮೊಟ್ಟೆ. ಮೂರನೆಯದರ ಚೀಲ ಉಬ್ಬಿದೆ... ಆದರೆ ಅದು ಕೆಂಪು ಚೀಟಿಯ ಸೀಸೆ. ಮಾದರಿ ಪ್ರಾಣಿ. ಅದೊಂದನ್ನು ಮುಂದಿಟ್ಟುಕೊಂಡೇ ಮೇಷ್ಟ್ರು ಕುಲಕ್ಕೆ ಹೆಸರಿಟ್ಟದ್ದು. ಹಾಳಾದರೆ ಇನ್ನೊಂದಿಲ್ಲ. ಮರಿಗೆ ಸೌಟುಗಾಲು ಇಲ್ಲದಿದ್ದರೆ ಕುಲವನ್ನು ನನ್ನ ಕೈಯಾರೆ ಮುಗಿಸಿದಂತೆ.
ಮುಖ್ಯಸ್ಥೆ: "ಮೇಷ್ಟ್ರು ಹೂಂ ಅಂದ್ರೆ ನಂದೂ ಹೂಂ."

ಮಾರ್ಚ್ 17
ಮೇಷ್ಟ್ರ ಮನೆ. ಮೂರು ಮಹಡಿ ಹತ್ತುವಾಗ ಜೋಡಿಸಿಕೊಂಡ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು. ಸುಳ್ಳು ಹೇಳಿದ್ದೆ ಸರ್, ಅಂದೆ. ಕೆಂಪು ಚೀಟಿಯ ಸೀಸೆಯದರ ಚೀಲ ತೆರೆಯಲೇ ಅಂತಲೂ ಕೇಳಿದೆ.
ಕನ್ನಡಕ ಒರೆಸಿಕೊಂಡರು. ಬೀರುವಿನಿಂದ ಹಳೆಯ ಹಾಳೆಯೊಂದನ್ನು ತಂದರು. ಮೂಲ ಚಿತ್ರ. ಸೌಟುಗಾಲು ಮೈಗೆ ಸೇರುವಲ್ಲಿ ಗೆರೆಯಿಲ್ಲ, ಚುಕ್ಕೆಗಳಿವೆ! ಕಣ್ಣಾರೆ ಕಾಣದ ಭಾಗಕ್ಕೆ ನಾವು ಹಾಕುವ ಚುಕ್ಕೆ. ಅಚ್ಚಿನಲ್ಲಿ ಮಸಿ ಹರಡಿ ಗೆರೆಯಾಗಿತ್ತು.
"ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಗಾಗ್ತಿತ್ತು ಕಣಮ್ಮಾ. ಆವತ್ತು ದೀಪ ಬೇಕಿರಲಿಲ್ಲ."
"ಗೊತ್ತಿದ್ದೂ ಸುಮ್ನಿದ್ರಾ?"
"ಕಾಲು ಅದರದ್ದೇ ಅಂತ ನಂಗೂ ಅನ್ನಿಸ್ತು. ಅನ್ನಿಸಿದ್ದಕ್ಕೆ ಚುಕ್ಕೆ ಹಾಕ್ದೆ. ಅಚ್ಚು ನೋಡಿದ್ಮೇಲೆ ತಿದ್ದುಪಡಿ ಕಳಿಸ್ಬೇಕಿತ್ತು, ಕಳಿಸ್ಲಿಲ್ಲ. ಅದು ನನ್ನ ತಪ್ಪು." ಹಾಳೆಯನ್ನು ನನ್ನತ್ತ ಸರಿಸಿ, "ತೆಗೆದು ನೋಡು. ಏನಿದ್ರೂ ಬಂದು ಹೇಳು. ನನ್ನ ವಯಸ್ಸಿಗೆ ಜಾಸ್ತಿ ಕಾಯಿಸ್ಬೇಡ."

ಮಾರ್ಚ್ 22, ಬೆಳಿಗ್ಗೆ 11.20
ಕಡ್ಡಿಯ ತುದಿಗೆ ನನ್ನದೇ ರೆಪ್ಪೆಗೂದಲು ಅಂಟಿಸಿಕೊಂಡಿದ್ದೇನೆ. ಸೂಜಿ ಇದಕ್ಕೆ ಒರಟು. ಚೀಲದ ಪದರಗಳು ಒಂದರ ಮೇಲೊಂದು, ಕೋಟಿನ ಎದೆಭಾಗದಂತೆ. ಕೊಯ್ಯಲಿಲ್ಲ, ಮಗುಚಿದೆ. ಒಂದು... ಎರಡು...
ಮರಿಗಳು. ಏಳು. ಕಾಲು ಮಡಚಿ ಮಲಗಿವೆ.

11.45
ಸೌಟು. ಕಚ್ಚು. ಮೈಗೇ ಸೇರಿದೆ!! ಏಳಕ್ಕೆ ಏಳೂ. ಎಡಕ್ಕೂ, ಬಲಕ್ಕೂ.
ಕಿರುಚಿದೆನಂತೆ. ಮುಖ್ಯಸ್ಥೆ "ಸೀಸೆ ಒಡೀತಾ?" ಅಂತ ಓಡಿ ಬಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿದರು. ಇನ್ನೂ ನೋಯುತ್ತಿದೆ. ನೋಯಲಿ.

ಮಾರ್ಚ್ 29
ಮೊನ್ನೆ ಕಳಿಸಿದ ನನ್ನ ಉತ್ತರದ ಮೊದಲ ಸಾಲು: ಆ ಕಾಲು ಸೀಸೆಯ ತಳದಲ್ಲಿತ್ತು, ಮೈಗಿತ್ತೆಂದು ಸುಳ್ಳು ಹೇಳಿದವಳು ನಾನು. ಎರಡನೆಯ ಸಾಲಿನಿಂದ ಮರಿಗಳು.
ತಕರಾರಪ್ಪ ಪ್ರಬಂಧ ಹಿಂತೆಗೆದುಕೊಂಡಿದ್ದಾರೆ. ಪತ್ರದ ಕೊನೆಗೆ, ತಮ್ಮಲ್ಲೂ ಮರಿ ಹೊತ್ತ ತಾಯಂದಿರ ಎರಡು ಸೀಸೆಗಳಿವೆ, ಕಳಿಸಲೇ ಅಂತ ಕೇಳಿದ್ದಾರೆ. ಮನುಷ್ಯ ಪರವಾಗಿಲ್ಲ. ಹೊಸ ಹೆಸರು ಹುಡುಕಬೇಕು.
ಅಕ್ಕನಿಗೆ ಫೋನ್ ಮಾಡಿ ಗೆದ್ದೆ ಅಂದೆ.
"ನಲವತ್ತು ಗುಂಡಿ ಕಾಯ್ತಿವೆ," ಅಂದಳು.

ಮಾರ್ಚ್ 30, ಸಂಜೆ 5
ಮೇಷ್ಟ್ರ ಮನೆಯ ಕಿಟಕಿ ಪಕ್ಕದ ಮೇಜು. ಮೂಲ ಚಿತ್ರ ಮುಂದಿದೆ. ಮರಿಗಳ ಫೋಟೊ ಎಷ್ಟು ಸಲ ನೋಡಿದರೋ. ಈಗ ಕಪ್ಪು ಮಸಿ ಹುಡುಕುತ್ತಿದ್ದಾರೆ, ಗುನುಗಿಕೊಂಡು.
"ನನ್ನ ಕೈ ನಡುಗುತ್ತೆ. ಚುಕ್ಕೆ ಮೇಲೆ ಗೆರೆ ನೀನೇ ಎಳಿ."
"ಚಿತ್ರ ನಿಮ್ಮದಲ್ವಾ ಸರ್?"
"ಕಾಲು ಹೆಕ್ಕಿದೋರು ಯಾರು?"
ಮಸಿ ಸಿಕ್ಕಿತು. ಎಂಟು ಚುಕ್ಕೆ. ನನ್ನ ಭುಜದ ಹಿಂದೆ ನಿಂತಿದ್ದಾರೆ. ನನ್ನ ಕಿವಿ ನೋಡಿ, ಈ ಸಲ ಕೆಂಪಿಲ್ಲ ಅಂತ ನಗುತ್ತಿದ್ದಾರೆ. ಈ ಪೆನ್ನು ಕೆಳಗಿಟ್ಟು ಆ ಪೆನ್ನು —