ಬಾಗಿಲ ಪಕ್ಕದ ಮರದ ಗುಂಡು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು. ಬೈದುಕೊಂಡಿರುತ್ತೀ, ಬೈದುಕೋ. ಪೇಪರಿನಲ್ಲಿ ನಮ್ಮ ಬೀದಿಯ ಸುದ್ದಿ ಓದಿ ಗಾಬರಿಯಾಗಿದ್ದರೆ ಮೊದಲು ಇದನ್ನು ತಿಳಿದುಕೋ: ಯಾರಿಗೂ ಏನೂ ಆಗಿಲ್ಲ. ಅಪ್ಪ, ನಿನ್ನತ್ತಿಗೆ, ನಾನು, ನನ್ನ ಮರ ಕಡೆಯುವ ಲೇತು, ಎಲ್ಲ ಇದ್ದಲ್ಲೇ ಇದ್ದೇವೆ.

ಅಪ್ಪನ ಫಿರಂಗಿ ಗುಂಡು ಮಾತ್ರ ಇಲ್ಲ.

ಆದದ್ದಿಷ್ಟು. ಮೆಟ್ಟಿಲ ಕಟಕಟೆಗೆ ಮರದ ಕಂಬ ಕಡೆಸಲು ಒಬ್ಬರು ಬಂದಿದ್ದರು. ಸೈನ್ಯದಲ್ಲಿ ಬಾಂಬು ನಿಷ್ಕ್ರಿಯ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಬಾಗಿಲ ಪಕ್ಕ ತೊಡೆಯೆತ್ತರಕ್ಕೆ ನಿಂತಿದ್ದ ಗುಂಡನ್ನೂ, ಅದಕ್ಕೆ ಒರಗಿಸಿಟ್ಟ ನಿನ್ನತ್ತಿಗೆಯ ಕೊಡೆಯನ್ನೂ ನೋಡಿ ಹೆಜ್ಜೆ ಎತ್ತಲಿಲ್ಲ. ಒಳಗಿನ ಮದ್ದು ತೆಗೆಸಿದ್ದೀರಾ ಎಂದು ಮೆಲ್ಲಗೆ ಕೇಳಿದರು. ಅಪ್ಪ ಎಂದಿನ ಕಥೆ ಶುರುಮಾಡಿದರು: ಯುದ್ಧದಲ್ಲಿ ಅದು ತಮ್ಮ ಕಂದಕದೊಳಗೇ ಬಿದ್ದದ್ದು, ಸಿಡಿಯದೆ ಉಳಿದದ್ದು, ಅದರ ದಯೆಯಿಂದಲೇ ತಾವು ಬದುಕಿ ಬಂದು ಮದುವೆಯಾದದ್ದು, ನಾವು ಹುಟ್ಟಿದ್ದು. ಅವರು ಪೂರ್ತಿ ಕೇಳಿಸಿಕೊಂಡು, "ಯಜಮಾನ್ರೇ, ಸಿಡಿಯೋದನ್ನ ಅದು ಇನ್ನೂ ಮರೆತಿಲ್ಲ. ಎಲ್ಲರೂ ಮೆತ್ತಗೆ ಹೊರಗೆ ಬನ್ನಿ" ಅಂದರು.

ಬೀದಿಯೇ ಖಾಲಿಯಾಯಿತು. ಎದುರುಮನೆಯ ಟೈಲರ್ ಹೊಲಿಗೆ ಯಂತ್ರ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದವನು, ಕೊನೆಗೆ ಯಾರದೋ ಅರ್ಧ ಹೊಲಿದ ಅಂಗಿ ಹೆಗಲಿಗೆ ಹಾಕಿಕೊಂಡೇ ಓಡಿಬಂದ. ಒಲೆ ಆರಿಸಿದೆನೋ ಇಲ್ಲವೋ ಎಂದು ನಿನ್ನತ್ತಿಗೆಗೆ ಅದೊಂದೇ ಚಿಂತೆ. ಅವರು ಫೋನ್ ಮಾಡಿ ಕರೆಸಿದ ಸೈನಿಕರು ಗುಂಡನ್ನು ಲಾರಿಯಲ್ಲಿ ಹಾಸಿದ ಮರಳಿನ ಮೇಲೆ ಕೂಸಿನಂತೆ ಮಲಗಿಸಿ, ಊರಾಚೆಯ ಪಾಳು ಕಲ್ಲುಗಣಿಗೆ ಒಯ್ದು ಸಿಡಿಸಿದರು. ಶಾಲೆಯ ಅಂಗಳದಲ್ಲಿ ಕೂತಿದ್ದ ನಮಗೆ ಆ ಸದ್ದು ಎದೆಯೊಳಗೇ ಕೇಳಿಸಿತು. ಇಷ್ಟು ವರ್ಷ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಮಲಗಿದ್ದೆವಲ್ಲ! ಆಮೇಲೆ ಟೈಲರ್ ನಕ್ಕ, ಅವನನ್ನು ನೋಡಿ ಎಲ್ಲರೂ ನಕ್ಕರು. ಹೋದ ಜೀವ ಬಂದಂತಾಗಿತ್ತು, ಪುಟ್ಟಿ.

ಅಪ್ಪ ಮಾತ್ರ ನಗಲಿಲ್ಲ. ಮನೆಗೆ ಬಂದ ಮೇಲೂ ಊಟದ ಮುಂದೆ ಸುಮ್ಮನೆ ಕೂರುತ್ತಿದ್ದರು. ಚಪ್ಪಲಿ ಮೆಟ್ಟುವಾಗ ಗುಂಡಿನ ಮೂತಿಯ ಮೇಲೆ ಅಂಗೈ ಊರುವುದು ಅವರ ಅಭ್ಯಾಸ. ಈಗ ಕೈ ಗಾಳಿಯಲ್ಲಿ ತಡಕಾಡಿ, ಒಂದು ಸಲ ಮುಗ್ಗರಿಸಿಯೇಬಿಟ್ಟರು. ನನಗೆ ನೋಡಲಾಗಲಿಲ್ಲ. ಚೆನ್ನಾಗಿ ಒಣಗಿದ ದಿಮ್ಮಿಯೊಂದನ್ನು ಆರಿಸಿ ಲೇತಿಗೇರಿಸಿದೆ.

ತಳದ ಅಗಲಕ್ಕೆ ನೆಲದ ಮೇಲೆ ಉಳಿದಿದ್ದ ದುಂಡು ಕಲೆಯೇ ಅಳತೆಯಾಯಿತು. ನೇರ ಭಾಗ ಸಲೀಸಾಗಿ ಬಂತು. ಮೂತಿಯ ಕಡೆಗೆ ಇಳಿಯುವ ಬಾಗು ಮಾತ್ರ ಕೈಗೆ ಹತ್ತಲೊಲ್ಲದು. ಸ್ವಲ್ಪ ಕಡೆಯುವುದು, ಯಂತ್ರ ನಿಲ್ಲಿಸುವುದು, ಸವರಿ ನೋಡುವುದು. ಹೆಚ್ಚು ತೆಗೆದರೆ ಮರವನ್ನು ಮತ್ತೆ ಅಂಟಿಸಲಾದೀತೇ? ಅಪ್ಪ ಯಾವಾಗ ಬಂದು ಹಿಂದೆ ನಿಂತರೋ ತಿಳಿಯಲಿಲ್ಲ.

"ನಿನ್ನ ಹೊಟ್ಟೇನೇ ಇದಕ್ಕೂ ಬಂದಿದೆ. ಇಳಿಸು" ಅಂದರು.

ಕಣ್ಣು ಮುಚ್ಚಿ ಅಂಗೈ ಆಡಿಸಿ, ಎಲ್ಲಿ ಹೆಚ್ಚಿದೆಯೆಂದು ಬೆರಳಿಟ್ಟು ತೋರಿಸಿದರು. ಅವರು ತೋರಿಸಿದಲ್ಲಿ ನಾನು ಉಳಿ ಇಟ್ಟೆ. ಬೆಳಗಿನಿಂದ ಸಂಜೆವರೆಗೆ ಹೀಗೇ ನಡೆಯಿತು, ಇಬ್ಬರ ಮೈಮೇಲೂ ಹೊಟ್ಟು. ಬುಡದ ಹತ್ತಿರ ತಾಮ್ರದ ಪಟ್ಟಿ ಸುತ್ತಿದೆವು. ಉಕ್ಕಿನ ಬಣ್ಣ ಬಳಿಯಲೇ ಎಂದು ಕೇಳಿದರೆ, ಬೇಡ, ಮರದ ಗೆರೆ ಕಾಣಲಿ ಅಂದರು. ಈಗ ಸರಿಯಾಗಿ ಊಟ ಮಾಡುತ್ತಿದ್ದಾರೆ. ಬಂದವರಿಗೆಲ್ಲ ಗುಂಡನ್ನು ಒಂಟಿ ಕೈಯಲ್ಲಿ ಎತ್ತಿ ತೋರಿಸುತ್ತಾರೆ. ಸೊಂಟ ಹಿಡಿದೀತೆಂದು ನಿನ್ನತ್ತಿಗೆ ಗದರಿದರೂ ಕೇಳುವುದಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಮಗಳಿಗೆ ಮಾವನ ಮುತ್ತು. ನಿನ್ನ ಸಂಸಾರ ಸದಾ ತಣ್ಣಗಿರಲಿ.

ಇಂತಿ ನಿನ್ನ
ಅಣ್ಣ

ತಾ.ಕ.: ಇದನ್ನು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಸದ್ದಾದ ಮೇಲೆ ಅಪ್ಪ ನನ್ನ ತೋಳು ಹಿಡಿದು ಒಂದೇ ಮಾತು ಕೇಳಿದರು: "ಪುಟ್ಟಿಯ ಮಗು ಚಮಚ ಹಿಡ್ಕೊಂಡು ಆ ಗುಂಡಿನ ಮೇಲೇ ಬಡೀತಿತ್ತಲ್ವಾ?" ಹೌದು ಅಂದೆ. ಅಂದು ನೀನು ಮಗುವನ್ನು ಎತ್ತಿಕೊಂಡು, ಈ ಗುಂಡು ಇರುವವರೆಗೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದಾಗ, ಹಾಗಾದರೆ ಬರಲೇಬೇಡ ಎಂದವರು ಅವರೇ. ಆಮೇಲೆ ಅವರ ಬಾಯಲ್ಲಿ ನಿನ್ನ ಹೆಸರು ಬಂದದ್ದು ಇದೇ ಮೊದಲು. ಈಗ ನಾನು ಬರೆಯುವುದನ್ನು ಕಂಡು, ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿ ಹೋದರು: "ಈಗ ಇರೋದು ಮರ ಅಷ್ಟೇ ಅಂತ ಅವಳಿಗೆ ಬರಿ."