ಖಾಲಿ ಕೊಟ್ಟಿಗೆಯಲ್ಲಿ ಊಟ

ಮಾರ್ಚ್ ೧೪, ಶುಕ್ರವಾರ

ಗ್ವಿಲಿಮ್ ಇವತ್ತೂ ಊಟ ಮುಟ್ಟುವುದಿಲ್ಲ ಎಂದೇ ಅಂದುಕೊಂಡಿದ್ದೆ. ಕ್ಷಯ ತಗುಲಿದೆ ಎಂದು ಸರ್ಕಾರದವರು ಮಂಗಳವಾರ ನಮ್ಮ ಹಸುಗಳನ್ನೆಲ್ಲ ಅಂಗಳದಲ್ಲೇ ಗುಂಡಿಟ್ಟು ಕೊಂದರು. ಆಮೇಲೆ ಅವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ನಾನು ಏನು ತಾನೇ ಮಾಡಲಿ? ಮಾವನನ್ನೂ ನಾದಿನಿ ಮೆರಿಡ್‌ಳನ್ನೂ ಊಟಕ್ಕೆ ಕರೆದೆ. ಕಾರ್ಮಾರ್ಥೆನ್ ಪೇಟೆಯಿಂದ ದನದ ಮಾಂಸ ತಂದು, ಕ್ಯಾರೆಟ್, ಈರುಳ್ಳಿಯ ಜೊತೆ ಮುಚ್ಚಳದ ಪಾತ್ರೆಗೆ ಹಾಕಿ ಮಧ್ಯಾಹ್ನವೇ ಓವನ್ನಿಗಿಟ್ಟೆ. ಅದೆಂದರೆ ಅವನಿಗೆ ಪ್ರಾಣ.

ಮೆರಿಡ್ ಮುಚ್ಚಳ ತೆಗೆದವಳೇ, "ಅಯ್ಯೋ ಅತ್ತಿಗೆ, ಈಗ್ಲೂ ದನದ ಮಾಂಸಾನೇ ಬೇಕಿತ್ತಾ?" ಅಂದಳು.

ನನಗೆ ಅದು ಹೊಳೆದೇ ಇರಲಿಲ್ಲ. ಅಳುತ್ತಲೇ ಪಾತ್ರೆ ಎತ್ತಿ ಚೆಲ್ಲಲು ಹೊರಟೆ. ಮಾವ ತಡೆದರು.

"ದನ ಸಾಕೋರು ಇನ್ನೇನು ಹುಲ್ಲು ತಿಂತಾರಾ? ಅವನಿರೋ ಕಡೆಗೇ ತಗೊಂಡು ನಡಿಯಮ್ಮ."

ಗ್ವಿಲಿಮ್ ಖಾಲಿ ಕೊಟ್ಟಿಗೆಯಲ್ಲಿ ಕೂತಿದ್ದ. ನಾವೂ ಅಲ್ಲೇ ಹುಲ್ಲಿನ ಪೆಂಡಿಗಳ ಮೇಲೆ ಕೂತು ಚಳಿಯಲ್ಲಿ ನಡುಗುತ್ತ ತಿಂದೆವು. ಅವನ ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟೆ. ಬಹಳ ಹೊತ್ತಾದ ಮೇಲೆ ಒಂದು ತುತ್ತು ಬಾಯಿಗಿಟ್ಟು ಅಗಿದ.

"ಉಪ್ಪೇ ಹಾಕಿಲ್ವಲ್ಲೇ," ಅಂದ.

ಮಾವ ಮುಖ ಆ ಕಡೆ ತಿರುಗಿಸಿಕೊಂಡರು. ಅವನು ಇನ್ನೆರಡು ತುತ್ತು ತಿಂದು ತಟ್ಟೆ ಕೆಳಗಿಟ್ಟ.

ಈಗ ನನ್ನ ಪಕ್ಕದಲ್ಲಿ ಮಲಗಿದ್ದಾನೆ. ಕಣ್ಣು ತೆರೆದೇ ಇದೆ. ಬಂದೂಕಿನ ಬೀರುವಿನ ಕೀಲಿ ನನ್ನ ದಿಂಬಿನ ಕೆಳಗಿದೆ, ಅದು ಅವನಿಗೂ ಗೊತ್ತು. ಅವನಿಗೆ ನಿದ್ದೆ ಹತ್ತುವವರೆಗೂ ನಾನು ಎಚ್ಚರವಿರಬೇಕು, ಏನಾದರೂ ಬರೆಯುತ್ತಲೇ ಇರಬೇಕು, ಏನಾದರೂ